ನಾಲ್ಕು ಸಲ ತೊಳೆದ ಮಗ

ನನ್ನ ಅವ್ವ ಗಿರಿಯಮ್ಮ ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದೆ, ಅಮರಗುಂಡಪ್ಪನ ಖಾನಾವಳಿಯಲ್ಲಿ ಇಪ್ಪತ್ತೆರಡು ವರ್ಷ ಪಾತ್ರೆ ತಿಕ್ಕಿದಳು. ಮಿರ್ಚಿ ಕರಿದ ಬಾಣಲೆಗೆ ಬೂದಿ ಹಾಕಿ ತಿಕ್ಕಿ, ಬೆರಳು ಎಳೆದು ನೋಡಿ, ಜಾರಿದರೆ ಮತ್ತೆ ತಿಕ್ಕುವಳು. ಯಾರೂ ನೋಡದಿದ್ದರೂ ಅಷ್ಟೇ. ಆ ದುಡಿಮೆಯಲ್ಲೇ ನಾನು ಲಿಂಗಸುಗೂರಿನಲ್ಲಿ ಬಿ.ಎಸ್ಸಿ, ಮುಂದೆ ಎಂ.ಎಸ್ಸಿ ಮುಗಿಸಿದ್ದು. ಓದಿ ಏನು ಮಾಡಿದೆ ಎಂದು ಹೇಳಲು ನನಗೆ ಇಂದಿಗೂ ನಾಚಿಕೆ.

೧೯೮೭ರಲ್ಲಿ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಜೀವಕೋಶದ ಕೆಲವು ಪ್ರೋಟೀನುಗಳಿಗೆ ಕೊಬ್ಬು ಬೆಸೆದುಕೊಂಡಿರುತ್ತದೆ. ಯಾವುದಕ್ಕೆ ಎಂದು ಪತ್ತೆಹಚ್ಚುವುದು ನಮ್ಮ ಕೆಲಸ. ಕಣ್ಣಿಗೆ ಕಾಣುವ ವಸ್ತುವಲ್ಲ. ಹಾಗಾಗಿ, ವಿಕಿರಣ ಸೂಸುವ ಹೈಡ್ರೋಜನ್ ಸೇರಿಸಿ ಗುರುತು ಮಾಡಿದ ಕೊಬ್ಬನ್ನು ಜೀವಕೋಶಗಳಿಗೆ ಉಣಿಸಬೇಕು. ಆಮೇಲೆ ಪ್ರೋಟೀನು ಹೊರತೆಗೆದು, ಮೇಲೆ ಸುಮ್ಮನೆ ಹತ್ತಿದ ಕೊಬ್ಬು ಹೋಗುವಂತೆ ಕ್ಲೋರೋಫಾರ್ಮ್ ಬೆರೆಸಿದ ದ್ರಾವಣದಲ್ಲಿ ನಾಲ್ಕು ಸಲ ತೊಳೆಯಬೇಕು. ಬಳಿಕ ಲೋಳೆಯಂಥ ಜೆಲ್ಲಿನ ಹಾಳೆಯಲ್ಲಿ ಬೇರ್ಪಡಿಸಿ, ಅದಕ್ಕೆ ಎಕ್ಸ್‌ರೇ ಫಿಲ್ಮು ಹೊದಿಸಿ, ಎರಡು ತಿಂಗಳು ಫ್ರೀಜರಿನಲ್ಲಿಡಬೇಕು. ಕೊಬ್ಬು ಉಳಿದ ಜಾಗದಲ್ಲಿ ಕಪ್ಪು ಗೆರೆ ಮೂಡುತ್ತದೆ.

ಪ್ರತಿ ಸಲ ತೊಳೆದಾಗಲೂ ಒಂದಿಷ್ಟು ಪ್ರೋಟೀನು ಕೈತಪ್ಪುತ್ತಿತ್ತು. ಗೆರೆ ಮೂಡದಿದ್ದರೆ ಎಂಬ ಹೆದರಿಕೆಗೆ ಒಂದೇ ಸಲ ತೊಳೆದೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಎಂದು ಬರೆದೆ. ದಪ್ಪ ಗೆರೆಯೇ ಮೂಡಿತು. ನಮ್ಮ ಗೈಡ್ ಹಿಗ್ಗಿ, ಪತ್ರಿಕೆಗೆ ಲೇಖನ ಬರೆಯಲು ಕೂತರು. ನಾನು ಎದೆಯುಬ್ಬಿಸಿಕೊಂಡು ಊರಿಗೆ ಬಂದೆ.

ಖಾನಾವಳಿಯ ಹಿತ್ತಲಲ್ಲಿ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಬಾಣಲೆ ಕೆಳಗಿಟ್ಟು ಕೇಳಿಸಿಕೊಂಡಳು.

“ಮ್ಯಾಲ ಹತ್ತಿದ ಜಿಡ್ಡು ಬ್ಯಾರೆ, ಗಟ್ಟಿ ಹಿಡದ ಜಿಡ್ಡು ಬ್ಯಾರೆ ಅಲ್ಲೇನಪಾ? ತೊಳದ ಮ್ಯಾಲೇ ಗೊತ್ತಾಗೂದು. ನೀ ಎಷ್ಟು ಸಲ ತೊಳದಿ?”

ಇಡೀ ಹೈದರಾಬಾದಿನಲ್ಲಿ ಯಾರೂ ನನ್ನನ್ನು ಕೇಳಿರದ ಪ್ರಶ್ನೆ. 

“ನಾಕು ಸಲ ಯವ್ವಾ” ಎಂದೆ.

ಅವಳು ಕೈ ಒರೆಸಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅಮರಗುಂಡಪ್ಪನ ಬಳಿಗೆ ಓಡಿದಳು. “ಸಾವ್ಕಾರ್ರ, ನನ್ನ ಮಗ ಏನೋ ಹೊಸಾದು ಕಂಡಹಿಡದಾನ್ರೀ! ನಾಕು ಸಲ ತೊಳದಾನಂತ, ಆದ್ರೂ ಜಿಡ್ಡು ಹೋಗಿಲ್ಲಂತ!”

ಊಟಕ್ಕೆ ಕೂತವರೆಲ್ಲ ನನ್ನತ್ತ ತಿರುಗಿದರು. ನಾನು ನೆಲ ನೋಡಿದೆ. ಅವಳು ಅದನ್ನು ವಿನಯ ಎಂದುಕೊಂಡಳು.

ಹೈದರಾಬಾದಿಗೆ ಮರಳಿದ ಮೇಲೆ ಅನ್ನ ಸೇರಲಿಲ್ಲ. ಉಳಿದಿದ್ದ ಪ್ರೋಟೀನನ್ನು ನಿಜವಾಗಿ ನಾಲ್ಕು ಸಲ ತೊಳೆದು, ಮತ್ತೆ ಎರಡು ತಿಂಗಳು ಕಾದೆ. ಜೆಲ್ಲಿನಲ್ಲಿ ಪ್ರೋಟೀನು ಇತ್ತು, ಫಿಲ್ಮಿನಲ್ಲಿ ಗೆರೆ ಇರಲಿಲ್ಲ. ಮೊದಲು ಮೂಡಿದ್ದು ಬರೀ ಮೇಲೆ ಹತ್ತಿದ ಕೊಬ್ಬಿನ ಗೆರೆ. ಗೈಡ್ ಮುಂದೆ ಎಲ್ಲ ಒಪ್ಪಿಕೊಂಡೆ. ಇನ್ನೂ ಕಳಿಸಿರದ ಲೇಖನವನ್ನು ಅವರು ಹರಿದುಹಾಕಿ, ನನಗೆ ಬಾಗಿಲು ತೋರಿಸಿದರು.

ಊರಿಗೆ ಬಂದು ಅವ್ವನಿಗೆ ಹೇಳಿದೆ. ಬೈಯುತ್ತಾಳೆ, ಇಲ್ಲವೇ ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ರಟ್ಟೆ ಹಿಡಿದು ಎಳೆದೊಯ್ದು, ಊಟದ ಹೊತ್ತಿನಲ್ಲೇ, ಅಮರಗುಂಡಪ್ಪನ ಮುಂದೆ ನಿಲ್ಲಿಸಿದಳು.

“ನಾಕು ಸಲ ಅಲ್ರೀ, ಒಂದ ಸಲ ತೊಳದಿದ್ದೆ. ಅವ್ವಗ ಸುಳ್ಳು ಹೇಳಿದ್ದೆ” ಎಂದೆ.

ಅವನಿಗೆ ಆ ಮಾತು ನೆನಪೇ ಇರಲಿಲ್ಲ. “ಹೋಗ್ಲಿ ಬಿಡಪಾ, ಅದ್ರಾಗೇನದ” ಎಂದು ನಕ್ಕ.

ಅವ್ವ ನಗಲಿಲ್ಲ. “ನಾನ ನಿಮ್ಮ ಮುಂದ ಸುಳ್ಳು ಆಡಿದಂಗಾತ್ರೀ. ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ” ಎಂದು, ಉಣ್ಣುತ್ತಿದ್ದವರೆಲ್ಲ ನೋಡುತ್ತಿರುವಾಗ, ಅವನಿಗೆ ಎರಡೂ ಕೈ ಮುಗಿದಳು.