ಎದ್ದು ಹೋಗದ ಭಾನುವಾರ

ತಿಂಗಳ ಮೊದಲ ಭಾನುವಾರ ಬಂತೆಂದರೆ ನನಗೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಅವತ್ತು ಇಳಕಲ್ಲಿನ ನಮ್ಮ ಸಣ್ಣ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ಯೇಸುವಿನ ಕಡೆಯ ಊಟವನ್ನು ನೆನೆಯುವ ಸಂಸ್ಕಾರ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ರೊಟ್ಟಿಯ ತುಣುಕು, ದ್ರಾಕ್ಷಾರಸ ಇಟ್ಟಿರುತ್ತಾರೆ. ಸಾಲುಸಾಲಾಗಿ ಎದ್ದು ಹೋಗಿ, ಮೊಣಕಾಲೂರಿ, ತೆಗೆದುಕೊಂಡು ಬರಬೇಕು. ಇರುವುದೇ ನಲವತ್ತು ಮನೆ. ಯಾರು ಎದ್ದರೆಂದು ಯಾರೂ ನೋಡುವುದಿಲ್ಲ, ಯಾರು ಏಳಲಿಲ್ಲವೆಂದು ಎಲ್ಲರೂ ನೋಡುತ್ತಾರೆ. ನಾನೂ ನೋಡುತ್ತಿದ್ದೆ. ನೋಡುವುದರಲ್ಲಿ ನನ್ನಷ್ಟು ಚುರುಕು ಇನ್ನೊಬ್ಬರಿರಲಿಲ್ಲ.

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು, ಸುಳ್ಳು ಇಟ್ಟುಕೊಂಡು ಆ ಮೇಜಿನ ಹತ್ತಿರ ಹೋಗಬಾರದು. ಮೊದಲು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಬೇಕು, ಒಳಗಿನಿಂದ ಒಪ್ಪಿಗೆ ಬರದಿದ್ದರೆ ಸುಮ್ಮನೆ ಕೂತಿರಬೇಕು. ಮುದುಕರೊಬ್ಬರು ಕೂತರೆ 'ತಮ್ಮನ ಕೂಡ ಹೊಲದ ಜಗಳ ಇರಬೇಕು' ಎನ್ನುತ್ತಾರೆ. ಸೊಸೆ ಕೂತರೆ ಅತ್ತೆಯ ಜೊತೆ ಏನೋ ಆಗಿದೆ ಎನ್ನುತ್ತಾರೆ. ಆದರೆ ಮದುವೆ ಗೊತ್ತಾದ ಹುಡುಗಿ ಕೂತಳೆಂದರೆ ಅದಕ್ಕೆ ಒಂದೇ ಅರ್ಥ. ಅಂಥವಳಿಗೆ ಮದುವೆಯ ದಿನ ಬಿಳಿ ಸೀರೆ ಇಲ್ಲ, ದೇವಾಲಯದ ಗಂಟೆ ಬಾರಿಸುವುದಿಲ್ಲ. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಅಜ್ಜಂದಿರ ಕಾಲದಿಂದ ಹಾಗೆಯೇ ನಡೆದುಬಂದಿತ್ತು.

ನನಗೆ ಆ ಬಿಳಿ ಸೀರೆ ಬೇಕಿತ್ತು. ಸಣ್ಣವಳಿದ್ದಾಗಿನಿಂದ ಬೇಕಿತ್ತು. ಅಪ್ಪ ನೇಕಾರ. ನನ್ನ ನಿಶ್ಚಿತಾರ್ಥವಾದ ಮರುವಾರವೇ ಮಗ್ಗಕ್ಕೆ ಬಿಳಿ ನೂಲಿನ ಹಾಸು ಏರಿಸಿದ. ಇಳಕಲ್ ಸೀರೆಗೆ ಕೆಂಪು ಸೆರಗು ಇರಲೇಬೇಕು. ಅಪ್ಪ ನೇಯುತ್ತಿದ್ದುದು ಮೈಯೂ ಬಿಳಿ, ಸೆರಗೂ ಬಿಳಿ. ಓಣಿಯ ಗೌಡರ ಮನೆಯ ಗೌಡಶಾನಿ ಬಾಗಿಲಲ್ಲಿ ನಿಂತು ಗಲ್ಲಕ್ಕೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ, ಮದುವ್ಯಾಗ ಬಿಳಿ ಸೀರಿ ಉಡೂದ? ನಿಮ್ಮ ದೇವರಿಗೆ ಬ್ಯಾರೆ ಬಣ್ಣಾನ ಸಿಗಲಿಲ್ಲೇನು?" ಅಪ್ಪ ಲಾಳಿ ನಿಲ್ಲಿಸದೆಯೇ, "ನಮ್ಮಲ್ಲಿ ಬಿಳೀದು ಎಲ್ಲಾರಿಗೂ ಸಿಗೂದಿಲ್ಲವಾ," ಎಂದ. ಅದನ್ನು ಕೇಳಿ ನಾನು ಉಬ್ಬಿಹೋದೆ.

ಎಲ್ಲರಿಗೂ ಸಿಗುವುದಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಪಕ್ಕದ ಮನೆಯಲ್ಲೇ ಇತ್ತು. ಆ ಮನೆಯ ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಭಾನುವಾರದ ಶಾಲೆಯಲ್ಲಿ ನನಗೆ ಹಾಡು ಕಲಿಸಿದವಳು. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಅವಳ ಮದುವೆ ಗೊತ್ತಾಗಿತ್ತು. ಒಂದು ಸಂಸ್ಕಾರದ ಭಾನುವಾರ ಹೆಂಗಸರ ಕಡೆಯ ಕೊನೆಯ ಸಾಲಿನಲ್ಲಿ ನಾವಿಬ್ಬರೇ ಕೂತಿದ್ದೆವು. ನಾನಿನ್ನೂ ಚಿಕ್ಕವಳು, ನನಗೆ ಸಂಸ್ಕಾರವಿರಲಿಲ್ಲ. ಅಕ್ಕ ಏಳಬೇಕಿತ್ತು, ಏಳಲಿಲ್ಲ. ಮನೆಗೆ ಬಂದವಳೇ ಅವ್ವನ ಮುಂದೆ ಹೇಳಿದೆ. "ಅವ್ವಾ, ಅಕ್ಕ ಇವತ್ತ ಸಂಸ್ಕಾರಕ್ಕ ಏಳಲೇ ಇಲ್ಲ. ಮೊನ್ನೆ ಬಸ್ ಸ್ಟ್ಯಾಂಡಿನ್ಯಾಗ ಮದಿವಿ ಆಗಾವರ ಜೋಡಿ ನಿಂತಿದ್ಲು, ನಾ ನೋಡೇನಿ." ಸಾರು ಬಡಿಸುತ್ತಿದ್ದ ಅವ್ವನ ಕೈ ನಿಂತಿತು. ದೊಡ್ಡವರೊಬ್ಬರು ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು, ನನಗೆ ಖುಷಿಯೇ ಆಗಿತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ ನಾವು. ವಾರ ಕಳೆಯುವಷ್ಟರಲ್ಲಿ ಸುದ್ದಿ ಎಲ್ಲ ಮನೆಗೂ ಮುಟ್ಟಿತ್ತು. ಅಕ್ಕನ ಮದುವೆ ಹಸಿರು ಸೀರೆಯಲ್ಲಿ, ಗಂಟೆಯಿಲ್ಲದೆ ನಡೆಯಿತು. ಮದುಮಗಳ ಮುಂದೆ ಹೂವಿನ ಗೊಂಚಲು ಹಿಡಿದು ನಡೆಯಬೇಕಾಗಿದ್ದವಳು ನಾನು. "ನಾ ಒಲ್ಲೆ," ಎಂದೆ. ನನಗೆ ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ. ನನ್ನ ಬಾಯಿಂದ ನಾನೇ ಅಂದದ್ದು.

ಆಮೇಲೆ ನನ್ನನ್ನು ಸಂಸ್ಕಾರಕ್ಕೆ ಸೇರಿಸಿಕೊಂಡ ದೃಢೀಕರಣದ ವರ್ಷ ಬಾದಾಮಿಯಲ್ಲಿ ಯುವಜನರ ಶಿಬಿರ ನಡೆದಾಗ ಒಂದು ಕಾರ್ಡಿಗೆ ಸಹಿ ಹಾಕಿದೆ. ಮದುವೆಯಾಗುವವರೆಗೆ ಮೈಯನ್ನೂ ಮನಸ್ಸನ್ನೂ ಶುದ್ಧವಾಗಿ ಇಟ್ಟುಕೊಳ್ಳುತ್ತೇನೆ ಎಂದು ಅದರಲ್ಲಿ ಅಚ್ಚಾಗಿತ್ತು. ಉಳಿದ ಹುಡುಗಿಯರು ಕಿಸಿಕಿಸಿ ನಗುತ್ತ ಸಹಿ ಹಾಕಿದರು. ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಹಾಕಿದೆ. ಅದರಲ್ಲಿ ನನಗೆ ಈಗಲೂ ನಾಚಿಕೆಯಿಲ್ಲ. ಮೈ ದೇವರು ಇರುವ ಜಾಗ, ಅದನ್ನು ಮಾತು ಕೊಟ್ಟವರಿಗಾಗಿ ಕಾಯ್ದಿಡಬೇಕು ಎಂದು ನಾನು ಇವತ್ತಿಗೂ ನಂಬುತ್ತೇನೆ, ಭಾನುವಾರದ ಶಾಲೆಯ ಹುಡುಗಿಯರಿಗೂ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಕಾಯುವುದು ಸುಲಭ ಎಂದು ಮಾತ್ರ ಹೇಳುವುದಿಲ್ಲ. ಹಾಗೆ ಹೇಳುವವರು ಒಂದೋ ಕಾದಿಲ್ಲ, ಇಲ್ಲವೇ ಅವರಿಗೆ ಯಾರ ಮೇಲೂ ಆಸೆಯಾಗಿಲ್ಲ.

ನನಗೆ ಆಗಿತ್ತು. ನನ್ನನ್ನು ಮದುವೆಯಾಗುವವರು ಬಾಗಲಕೋಟೆಯವರು. ಹಳೆ ಊರಿನ ಮನೆ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನವನಗರಕ್ಕೆ ಬಂದ ಕುಟುಂಬ, ಸರಕಾರಿ ಕಚೇರಿಯಲ್ಲಿ ಗುಮಾಸ್ತರ ಕೆಲಸ. ನಾನು ಪ್ರಾಥಮಿಕ ಶಾಲೆಯ ಟೀಚರ್. ಸೆಪ್ಟೆಂಬರಿನಲ್ಲಿ ನಿಶ್ಚಿತಾರ್ಥವಾಗಿತ್ತು, ಕ್ರಿಸ್‌ಮಸ್ ಮುಗಿದ ಮೇಲೆ ಮದುವೆ ಎಂದಿತ್ತು. ಅಷ್ಟರಲ್ಲಿ ಅವರ ತಂದೆ ತೀರಿಕೊಂಡರು. ದುಃಖ ಸ್ವಲ್ಪ ಆರಲಿ ಎಂದು ಮುಂದೆ ಹಾಕಿದರು, ಆರುವ ಹೊತ್ತಿಗೆ ಲೆಂತ್ ಬಂತು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ಉಪವಾಸ, ಪ್ರಾರ್ಥನೆ, ನಮ್ಮಲ್ಲಿ ಯಾರ ಮದುವೆಯೂ ನಡೆಯುವುದಿಲ್ಲ. ದಿನಾ ಸಂಜೆ ಅವರ ಫೋನು. ಫೋನು ಇಟ್ಟ ಮೇಲೆ ನನಗೆ ಅಂಗಳದಲ್ಲಿ ತಿರುಗಾಟ. ಹಿತ್ತಲಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೆ. "ಕಾಲಾಗ ಏನ್ ಗಾಲಿ ಕಟಗೊಂಡಿಯೇನ? ಒಂದ್ ಕಡೆ ಕುಂದ್ರಬಾರದ?" ಎಂದು ಅವ್ವ ರೇಗುತ್ತಿದ್ದಳು. ಒಳಗೆ ಅಪ್ಪನ ಮಗ್ಗ ಖಟಖಟ ಎನ್ನುತ್ತಲೇ ಇರುತ್ತಿತ್ತು. ಮಾರುವ ಸೀರೆಗಳ ನಡುವೆ ಬಿಡುವಾದಾಗ ನೇಯುತ್ತಿದ್ದ ಬಿಳಿ ಸೀರೆ ಅರ್ಧವಷ್ಟೇ ಮುಗಿದಿತ್ತು.

ಆ ಲೆಂತಿನಲ್ಲೇ ಶಾಲೆಯ ತರಬೇತಿಗೆಂದು ಬಾಗಲಕೋಟೆಗೆ ಹೋದೆ. ಮಧ್ಯಾಹ್ನವೇ ಮುಗಿಯಿತು. ಅವರು ನವನಗರದಲ್ಲಿ ನಮಗೆಂದು ಬಾಡಿಗೆಗೆ ಹಿಡಿದ ಮನೆ ತೋರಿಸುತ್ತೇನೆ ಬಾ ಎಂದರು. ಆಗಷ್ಟೇ ಸುಣ್ಣಬಣ್ಣ ಆಗಿದ್ದ ಮನೆ, ಒಂದು ಕುರ್ಚಿಯೂ ಇರಲಿಲ್ಲ. ಒಲೆ ಇಲ್ಲಿ, ಅಲಮಾರು ಅಲ್ಲಿ ಎಂದು ತೋರಿಸುತ್ತಿರುವಾಗ ಬಿಸಿಲುಗಾಳಿಗೆ ಮುಂಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಇಬ್ಬರೂ ನಕ್ಕೆವು. ಆಮೇಲೆ ನಗು ನಿಂತಿತು. ಅವರು ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ, ಇನ್ನೂ ಹತ್ತಿರ ಹೋದೆ. ಆ ಕಾರ್ಡು, ಆ ಸಹಿ, ಹುಡುಗಿಯರಿಗೆ ನಾನು ಹೇಳಿಕೊಟ್ಟ ಪಾಠ, ಒಂದೂ ನೆನಪಿಗೆ ಬರಲಿಲ್ಲ. ಖರೆ ಹೇಳುತ್ತೇನೆ, ನಾನಾಗಿದ್ದರೆ ನಿಲ್ಲಿಸುತ್ತಿರಲಿಲ್ಲ.

ನಿಲ್ಲಿಸಿದ್ದು ಅವರು. ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ. ಇಷ್ಟ ದಿನ ಕಾದೇವಿ, ಇನ್ನ ಸ್ವಲ್ಪ ದಿನ," ಎಂದು ಹೋಗಿ ಬಾಗಿಲು ತೆರೆದು, ಅದು ಮತ್ತೆ ಮುಚ್ಚದಂತೆ ಬಣ್ಣದ ಡಬ್ಬಿ ಅಡ್ಡ ಇಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ದೇವರಿಗೆ ಸ್ತೋತ್ರ ಹೇಳಬೇಕಾದ ಹೊತ್ತಿನಲ್ಲಿ, ಅಬ್ಬಾ, ಇವರಿಗೆ ನನಗಿಂತ ಹೆಚ್ಚು ಭಕ್ತಿ ಬಂತೇನು ಎಂದು ಕುದಿಯುತ್ತ ಬಸ್ಸು ಹತ್ತಿದೆ. ಕಮತಗಿ ದಾಟುವಾಗಲೂ ಸಿಟ್ಟು ಇಳಿದಿರಲಿಲ್ಲ. ಅವರು ಕೊಟ್ಟ ಕರದಂಟಿನ ಪೊಟ್ಟಣ ಒಡೆದು ಮನೆ ಮುಟ್ಟುವ ಮೊದಲೇ ಅರ್ಧ ತಿಂದುಬಿಟ್ಟೆ. ಹುನಗುಂದ ಬರುವಷ್ಟರಲ್ಲಿ ಸಿಟ್ಟು ಹೋಗಿ ನಾಚಿಕೆ ಬಂದು ಕೂತಿತ್ತು. ಮೈ ಶುದ್ಧ ಉಳಿದದ್ದು ನನ್ನಿಂದಲ್ಲ. ಮನಸ್ಸಂತೂ ಉಳಿದೇ ಇರಲಿಲ್ಲ, ಕಾರ್ಡಿನಲ್ಲಿ ಎರಡೂ ಇತ್ತಲ್ಲ.

ಮುಂದಿನ ಭಾನುವಾರವೇ ಸಂಸ್ಕಾರ. ನಮ್ಮ ಸಾಲಿನ ಸರದಿ ಬಂತು. ನಾನು ಏಳಲಿಲ್ಲ. ನನ್ನ ಪಕ್ಕ ಕೂತಿದ್ದವಳು ಅದೇ ಅಕ್ಕ. ಆ ಹೊತ್ತಿಗೆ ಅವಳಿಗೆ ಇಬ್ಬರು ಮಕ್ಕಳು, ಗಂಡ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಅವಳು ಮನೆಯಲ್ಲಿ ಜಂಪರ್ ಹೊಲಿಯುತ್ತಿದ್ದಳು. "ಏಳವಾ," ಎಂದು ಪಿಸುಗುಟ್ಟಿದಳು. "ನೀ ಹೋಗಕ್ಕಾ," ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಅರ್ಧ ಎದ್ದವಳು ಮತ್ತೆ ಕೂತಳು. ಇಬ್ಬರೂ ಕೂತೇ ಇದ್ದೆವು. ಆಗ ನನಗೆ ಅನ್ನಿಸಿದ್ದನ್ನು ಹೇಳಿದರೆ ನೀವು ಬೈಯುತ್ತೀರಿ. ಇವಳು ಯಾಕೆ ಕೂತಳು, ಈಗ ನನ್ನನ್ನೂ ಇವಳ ಸಾಲಿಗೇ ಸೇರಿಸುತ್ತಾರಲ್ಲ ಎಂದು ಅವಳ ಮೇಲೆಯೇ ಉರಿಯಿತು.

ಸೇರಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗಿತ್ತು ನನ್ನ ಕಥೆ. ಕಳುವಾಗದ ಕಾಯಿಗೆ ನಾನೇ ಹೆಗಲು ಮುಟ್ಟಿಕೊಂಡಿದ್ದೆ. ಅವ್ವ ಎರಡು ದಿನ ಮಾತು ಬಿಟ್ಟಳು. ಅಪ್ಪ ಏನೂ ಕೇಳಲಿಲ್ಲ, ಆದರೆ ಮಗ್ಗ ನಿಂತಿತು. ಮೂರನೇ ದಿನ ಸಂಜೆ ನಮ್ಮ ಪಾದ್ರಿ, ಸಭಾಪಾಲಕರ ಮನೆಗೆ ಕರೆ ಬಂತು. ಅಲ್ಲಿ ಸಭಾಪಾಲಕರು, ಸಭೆಯ ಹಿರಿಯರು ಇಬ್ಬರು, ಒಬ್ಬ ಹಿರಿಯರ ಹೆಂಡತಿ ಕೂತಿದ್ದರು.

ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ತಂಗಿ, ಏನರ ತಪ್ಪ ಆಗಿದ್ರ ಹೇಳಿಬಿಡು. ಮುಚ್ಚಿಟ್ಟು ಮದಿವಿ ಮಾಡೂದು ಬ್ಯಾಡ."

"ಅವರನ್ನ ಕರದು ಕೇಳೀರೇನ್ರಿ?" ಎಂದೆ.

"ಅಂವ ಬಾಗಲಕೋಟಿ ಸಭೆದಾಂವ. ಅಲ್ದ, ಬಿಳಿ ಸೀರಿ ಉಡಾಕಿ ನೀನು."

"ಏನೂ ಆಗಿಲ್ಲರಿ. ಅವರು ನನ್ನ ಕೈ ಹಿಡದ್ರು, ಆಮ್ಯಾಲ ತಾವ ಬಿಟ್ರು. ಅಷ್ಟ." ಎಂದೆ.

"ಮತ್ತ ಸಂಸ್ಕಾರಕ್ಕ ಯಾಕ ಏಳಲಿಲ್ಲ?" ಎಂದು ಹಿರಿಯರ ಹೆಂಡತಿ ಕೇಳಿದರು.

"ಬಿಟ್ಟರಲ್ಲ ಅಂತ ನನಗ ಸಿಟ್ಟ ಬಂತ್ರಿ! ಆ ಸಿಟ್ಟು, ಆ ಆಸೆ ಇಟಗೊಂಡು ಆ ಮೇಜಿಗೆ ಹೆಂಗ ಬರ್ಲಿ? ಮನಸ್ಸ ಹೊಲಸಾಗಿತ್ತು, ಅದಕ್ಕ ಕುಂತೆ."

ಹಿರಿಯರೊಬ್ಬರು ನೆಲದ ಮೇಲಿನ ಚಾಪೆಯನ್ನೇ ನೋಡುತ್ತಿದ್ದರು. ಸಭಾಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು. "ಮಗಳ, ಮನಸ್ಸಿನ್ಯಾಗ ಆಸೆ ಬಂತಂತ ಕುಂತ್ರ, ರೊಟ್ಟಿ ಮುರಿಯಾಕ ನಾನೂ ಏಳಾಕ ಬರೂದಿಲ್ಲ. ಬಂದು ಕ್ಷಮಾ ಕೇಳಬೇಕಾದ್ದು ಆ ಮೇಜಿನ ಹತ್ರಾನ. ಹೋಗು, ಅಪ್ಪಗ ಸೀರಿ ಮುಗಸಂತ ಹೇಳು," ಎಂದರು.

ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಮಗ್ಗ ಮತ್ತೆ ಶುರುವಾಯಿತು.

ಈಸ್ಟರ್ ಕಳೆದು ಎರಡನೇ ವಾರ ಮದುವೆ. ಬೆಳಿಗ್ಗೆ ಸೀರೆ ಉಡಿಸಲು ಅಕ್ಕನೇ ಬಂದಳು. ನಮ್ಮ ಸಭೆಯ ಪ್ರತಿ ಮದುಮಗಳಿಗೂ ಸೀರೆ ಉಡಿಸುತ್ತಿದ್ದವಳು ಅವಳೇ. ತನಗೆ ಸಿಗದ ಬಿಳಿಯನ್ನು ಎಷ್ಟು ಜನರಿಗೆ ಉಡಿಸಿದ್ದಳೋ, ನಾನು ಆವರೆಗೆ ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ನೆರಿಗೆ ಹಿಡಿಯುತ್ತಿದ್ದಳು. ಗೆದ್ದ ಉಬ್ಬಿನಲ್ಲಿ ನಾನು ಹಿರಿಯರ ಮುಂದೆ ಏನೇನು ಹೇಳಿದೆ ಎಂಬುದನ್ನು ಒಂದೂ ಬಿಡದೆ ಅವಳಿಗೆ ವರದಿ ಒಪ್ಪಿಸಿದೆ. ಅವಳು ನಗುತ್ತ ಕೇಳಿದಳು.

"ಚಲೋ ಆತು ಬಿಡು. ನಿನಗರ ಕೇಳಿದ್ರು," ಎಂದಳು.

"ಅಂದ್ರ?"

"ನನಗ ಯಾರೂ ಕೇಳಲೇ ಇಲ್ಲವಾ. ಸೀರಿ ಬ್ಯಾರೆ ತರ್ರಿ ಅಂತ ಅವ್ವಗ ಹೇಳಿ ಕಳಿಸಿದ್ರು, ಅಷ್ಟ."

"ಮತ್ತ ನೀ ಅವತ್ತ ಯಾಕ ಏಳಲಿಲ್ಲಕ್ಕಾ?"

"ಅವತ್ತ ಮುಂಜಾನೆ ರೊಟ್ಟಿ ಹೊತ್ತಿತಂತ ಅವ್ವನ ಕೂಡ ಜಗಳಾಡಿದ್ದೆ. ಬಾಯಿಗೆ ಬಂದಂಗ ಬೈದಿದ್ದೆ. ಹಂಗ ಇಟಗೊಂಡು ಹೆಂಗ ಹೋಗ್ಲಿ?"

ಒಂದು ಹೊತ್ತಿದ ರೊಟ್ಟಿ. ಹನ್ನೆರಡು ವರ್ಷ ನಾನು ಇವಳನ್ನು ನೋಡಿದ್ದು ಯಾವ ಕಣ್ಣಿನಿಂದ! ಅವಳಿಗೆ ಹೇಳಿಬಿಟ್ಟೆ. "ಅಕ್ಕಾ, ಅವತ್ತ ಮನಿಗೆ ಹೋಗಿ ಅವ್ವನ ಮುಂದ ಹೇಳಿದಾಕಿ ನಾನ."

ಅವಳು ನೆರಿಗೆಯಿಂದ ಕೈ ತೆಗೆಯಲಿಲ್ಲ. ಬಾಯಿಂದ ಒಂದು ಪಿನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು.

"ಗೊತ್ತೈತಿ. ಅವತ್ತ ನನ್ನ ಮಗ್ಗಲಕ ನೀ ಒಬ್ಬಾಕಿನ ಕುಂತಿದ್ದಿ."

"ಗೊತ್ತಿದ್ದೂ ಮೊನ್ನೆ ನನ್ನ ಜೋಡಿ ಯಾಕ ಕುಂತಿ?"

"ಒಬ್ಬಾಕಿನ ಕುಂದ್ರೂದು ಎಷ್ಟ ಕಷ್ಟ ಅಂತ ನನಗ ಗೊತ್ತಿಲ್ಲೇನು? ಅಳ್ಳಾಡಬ್ಯಾಡ, ಪಿನ್ನ ಚುಚ್ಚೀತು."

ಅಷ್ಟರಲ್ಲಿ ದೇವಾಲಯದ ಗಂಟೆ ಹೊಡೆಯತೊಡಗಿತು. ನಮ್ಮದು ಸಣ್ಣ ಗಂಟೆ, ಆದರೂ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತದೆ. ಅಕ್ಕ ಕೈ ನಿಲ್ಲಿಸಿ ಒಂದು ಗಳಿಗೆ ಅದನ್ನು ಕೇಳಿದಳು. ನನಗೆ ಆ ಸೀರೆಯನ್ನು ಬಿಚ್ಚಿ ಎಸೆಯಬೇಕು ಅನ್ನಿಸಿತು, ಅವಳ ಕಾಲು ಹಿಡಿಯಬೇಕು ಅನ್ನಿಸಿತು, ಎರಡೂ ಮಾಡದೆ ನಿಂತೇ ಇದ್ದೆ. ಕಣ್ಣಲ್ಲಿ ನೀರು ತುಂಬಿತು. ಅವಳು ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ನನ್ನ ಕಣ್ಣಿನ ಅಂಚಿಗೆ ಒತ್ತಿದಳು.

"ಅಳಬ್ಯಾಡವಾ. ಬಿಳಿ ಸೀರಿ ಐತಿ, ಕಾಡಿಗಿ ಬಿದ್ರ ಹೋಗೂದಿಲ್ಲ. ನಡಿ, ಗಂಟಿ ನಿನಗ ಬಾರಸಾಕತ್ತಾರ," ಎಂದಳು.