ಅರವತ್ಮೂರನೆಯ ಚೀಲ

ಹೊಸ ಕೋರಾ ಬಟ್ಟೆಗೆ ನೀರು ಚಿಮುಕಿಸಿದರೆ ಗಂಜಿಯ ವಾಸನೆ ಎದ್ದು ಮೂಗಿಗೆ ಹತ್ತುತ್ತದೆ. ಹೋದ ವಾರ ಬಾಲಾನಗರದ ಒಂದು ಕಾರ್ಖಾನೆಯವನು ನಟ್ಟು ಬೋಲ್ಟು ತುಂಬಲು ಗೇಣುದ್ದದ ಚೀಲ ಹೊಲಿದುಕೊಡು ಎಂದು ಬಟ್ಟೆಯ ಥಾನು ಇಟ್ಟು ಹೋದ. ನೀರು ಹಾಕಿದೆ. ವಾಸನೆ ಬಂತು. ಕಲ್ಲಿನ ಸಾಹೇಬರು ನೆನಪಾದರು. ನೆನಪಾಗಲಿ ಎಂದು ನಾನೇನೂ ಕಾಯುತ್ತಿರಲಿಲ್ಲ.

ಆಗ ನಾನಿದ್ದದ್ದು ಹೈದರಾಬಾದಿನ ಮಿಯಾಪುರದಿಂದಾಚೆ, ಊರು ಮುಗಿಯುವ ಕಡೆ, ಒಂದು ಗುಡ್ಡದ ಮೇಲೆ. ರಾಯಚೂರಿನ ಕಡೆಯಿಂದ ಕಲ್ಲು ಒಡೆಯಲು ಬಂದವರ ನಲವತ್ತು ಮನೆ. ಗಂಡ ಸತ್ತ ಮೇಲೆ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದೆ. ಮನೆಗಳನ್ನು ನಾವೇ ಕೈಯಾರೆ ಕಟ್ಟಿದ್ದೆವು. ಜಾಗದ ಪಟ್ಟಾ ಮಾತ್ರ ಇರಲಿಲ್ಲ. ಇವತ್ತು ಕೊಡುತ್ತಾರೆ, ನಾಳೆ ಕೊಡುತ್ತಾರೆ ಎಂದು ವರ್ಷಗಟ್ಟಲೆ ಕೂತಿದ್ದೆವು.

ಸಾಹೇಬರು ಗುಡ್ಡದ ಬುಡದಲ್ಲಿ ಡೇರೆ ಹಾಕಿದರು. ನೆಲದಲ್ಲಿ ಎಲ್ಲೆಲ್ಲಿ ಯಾವ ಕಲ್ಲಿದೆ ಎಂದು ನಕ್ಷೆ ಮಾಡುವ ಕೆಲಸ ಅವರದು. ಆ ನಕ್ಷೆ ನೋಡಿಯೇ ಸರ್ಕಾರ ಎಲ್ಲಿ ಮನೆ, ಎಲ್ಲಿ ಹೊಲ, ಎಲ್ಲಿ ಕ್ವಾರಿ ಎಂದು ಠರಾಯಿಸುತ್ತದಂತೆ. ಒಡೆದ ಕಲ್ಲು ತುಂಬಲು ಸಣ್ಣ ಚೀಲ ಬೇಕೆಂದು ನನ್ನ ಬಾಗಿಲಿಗೆ ಬಂದರು. ಧಾರವಾಡದ ಮಾತು. ಹೈದರಾಬಾದಿನಲ್ಲಿ ಎಲ್ಲರೂ ನನ್ನನ್ನು 'ಏ ಅಮ್ಮಾ' ಎಂದು ಕರೆಯುತ್ತಿದ್ದರು. ಇವರು 'ಅಕ್ಕಾರ' ಎಂದರು. ಅಷ್ಟಕ್ಕೇ ಕರಗಿದೆ. ಕರಗಬಾರದಿತ್ತು.

ಅವರಿಗೊಂದು ಚಾಳಿ. ಕಲ್ಲು ಒಡೆದು ನಾಲಿಗೆಯಿಂದ ನೆಕ್ಕಿ, ಆಮೇಲೆ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಒದ್ದೆಯಾದರೆ ಕಲ್ಲಿನ ಕಾಳು ಚೆನ್ನಾಗಿ ಕಾಣುತ್ತದಂತೆ.

"ಜೋಡಿಗೆ ಉಪ್ಪಿನಕಾಯಿ ಕೊಡ್ಲೇನ್ರಿ ಸಾಹೇಬರ?" ಎಂದೆ ಒಮ್ಮೆ.

"ರೊಟ್ಟಿನೂ ಕೊಟ್ಟಬಿಡ್ರಿ ಅಕ್ಕಾರ, ಊಟಾನ ಆಗಿಬಿಡ್ತೈತಿ" ಎಂದು ನಕ್ಕರು.

ಒಂದೊಂದು ಚೀಲಕ್ಕೆ ಒಂದೊಂದು ನಂಬರು. ಕಲ್ಲು ಸಿಕ್ಕ ಜಾಗಕ್ಕೆ ನಕ್ಷೆಯ ಮೇಲೂ ಅದೇ ನಂಬರು. ಅಂಕಿ ಬರೆಯುವುದನ್ನು ನನಗೆ ಅವರೇ ಕಲಿಸಿದರು, ಒಂದರಿಂದ ನೂರರವರೆಗೆ. ಎಂಟು ಬರೆಯಲು ನನಗೆ ಮೂರು ದಿನ ಹಿಡಿಯಿತು... ಬೈಯಲಿಲ್ಲ. ನಂಬರು ಬರೆದು, ಕಲ್ಲು ತುಂಬಿದ ಚೀಲದ ಬಾಯಿ ಹೊಲಿಯುವುದು ನನ್ನ ಕೆಲಸವಾಯಿತು.

ಎರಡು ತಿಂಗಳಾದರೂ ಅವರಿಗೆ ಬೇಕಾದ ಬೆಲೆಬಾಳುವ ಕಲ್ಲು ಸಿಗಲಿಲ್ಲ. "ನಿಮ್ಮ ಗುಡ್ಡದಾಗ ಬರೇ ಕರಿಕಲ್ಲು. ನಕ್ಷೆದಾಗ ಬರಿಯುವಂಥಾದ್ದು ಏನೂ ಇಲ್ರಿ" ಎಂದರು ಒಂದು ದಿನ. ಆ ಮಾತು ನನಗೆ ಚುಚ್ಚಿತು. ಕಲ್ಲಿನಲ್ಲೇ ಹುಟ್ಟಿ ಬೆಳೆದವರು ನಾವು. ನಮ್ಮ ಗುಡ್ಡದಲ್ಲಿ ಏನೂ ಇಲ್ಲವೇ? ಒಳ್ಳೆಯದು ಇದೆ ಎಂದು ಬರೆದರೆ ನಲ್ಲಿ ಬರುತ್ತದೆ, ರಸ್ತೆ ಬರುತ್ತದೆ, ಪಟ್ಟಾವೂ ಬರುತ್ತದೆ ಎಂದು ನನ್ನ ಲೆಕ್ಕ. ಬಟ್ಟೆ ಕತ್ತರಿಸುವಾಗ ಸರಿಯದಂತೆ ಇಡಲು ನನ್ನ ಹತ್ತಿರ ಮುಷ್ಟಿಯಷ್ಟು ಬಿಳಿ ಕಲ್ಲೊಂದಿತ್ತು. ಗಾಜಿನ ಕಾರ್ಖಾನೆಗೆ ಹೋಗುವ ಕಲ್ಲು. ದೂರದ ಯಾವುದೋ ಕ್ವಾರಿಯಿಂದ ಗಂಡ ತಂದದ್ದು. ಅರವತ್ಮೂರನೆಯ ಚೀಲ ನನ್ನ ಹಿತ್ತಲಿನದು. ಅದರಲ್ಲಿದ್ದ ಕರಿಕಲ್ಲು ತೆಗೆದು, ಇದನ್ನು ಹಾಕಿ ಬಾಯಿ ಹೊಲಿದೆ.

ಮರುದಿನ ಸಾಹೇಬರು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. "ಅಕ್ಕಾರ, ನಿಮ್ಮ ಹಿತ್ತಲದಾಗ ಬಿಳಿಕಲ್ಲು ಐತ್ರಿ. ಗುಡ್ಡ ಪೂರಾ ಕ್ವಾರಿಗೆ ಹೊಕ್ಕೈತಿ."

"ಮತ್ತ ನಮ್ಮ ಮನಿ?"

"ಕ್ವಾರಿ ಅಂತ ಬರದ ಮ್ಯಾಲೆ ಮನಿಗೆ ಪಟ್ಟಾ ಎಲ್ಲಿಂದ ಬರ್ತೈತ್ರಿ?"

ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೆಣ್ಣು ನೋಡಾಕ ಬಂದಾರಂತ ಗುಡ್ಡಕ್ಕ ಎರವಲು ಬಂಗಾರ ಹಾಕಿದ್ರೇನು?" ಎಂದರು. ಚೀಲವನ್ನು ತಂದು ನನ್ನ ಕೈಗೇ ಕೊಟ್ಟರು. "ಅರವತ್ಮೂರು ರದ್ದು. ಖಾಲಿ ಚೀಲ ನಿಮ್ಮ ಕಡೆ ಇರ್ಲಿ." ಬಿಳಿ ಕಲ್ಲನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಇದು ನನಗ, ನೆನಪಿಗೆ." ವಾರದಲ್ಲಿ ಡೇರೆ ಕಿತ್ತರು. ಫೋನ್ ನಂಬರು ಬರೆದುಕೊಟ್ಟು ಹೋದರು. ನಾನು ಆ ಚೀಲದಲ್ಲಿ ಮೆಂತ್ಯೆ ತುಂಬಿಟ್ಟೆ.

ಎರಡು ವರ್ಷದ ಮೇಲೆ ಸರ್ಕಾರಿ ಆಫೀಸಿನ ವರಾಂಡದಲ್ಲಿ ನಕ್ಷೆ ತೂಗುಹಾಕಿದರು, ತಕರಾರು ಇದ್ದವರು ಬಂದು ಹೇಳಿ ಎಂದು. ನಾವೂ ಹೋದೆವು. ಅದರ ಮೇಲೆ ತೆಲುಗು, ಇಂಗ್ಲಿಷು. ಎರಡೂ ನನಗೆ ಬಾರದ ಅಕ್ಷರ. ಆದರೆ ಅಂಕಿ ಬರುತ್ತಿತ್ತು. ನಮ್ಮ ಗುಡ್ಡದ ಮೇಲೆ ಕ್ವಾರಿಯ ಕೆಂಪು ಬಣ್ಣ, ನಡುವೆ ಒಂದು ಚುಕ್ಕೆ, ಪಕ್ಕದಲ್ಲಿ ಅರವತ್ಮೂರು... ಬೆರಳಿಟ್ಟು ಎರಡು ಸಲ ಓದಿದೆ.

ಮನೆಗೆ ಹೋಗಿ ಮೆಂತ್ಯೆ ಸುರಿದು, ಚೀಲ ತಂದು ಗುಮಾಸ್ತನ ಮುಂದೆ ಹಿಡಿದೆ. ಈ ನಂಬರು ರದ್ದಾಗಿದೆ, ಕಲ್ಲು ನನ್ನದು ಎಂದೆ. "ಖಾಲಿ ಸಂಚಿ ತೆಚ್ಚಿ ಏಂ ಚೂಪಿಸ್ತಾವಮ್ಮಾ?" ಎಂದ ಅವನು. ಖಾಲಿ ಚೀಲ ತಂದು ಏನು ತೋರಿಸುತ್ತೀ ಅಂತ. ಅವನ ಮಾತೂ ಸರಿಯೇ.

ಸಾಹೇಬರಿಗೆ ಫೋನ್ ಹಚ್ಚಿದೆ.

"ಯಾರ್ರಿ?"

"ನಾನ್ರಿ, ಅರವತ್ಮೂರನೇ ಚೀಲದಾಕಿ."

ಅವರು ಫೋನ್ ಕತ್ತರಿಸಿದರು. ಆ ನಂಬರು ಮತ್ತೆ ಹತ್ತಲೇ ಇಲ್ಲ.

ಯಾಕೆ ಹಾಗೆ ಮಾಡಿದರೋ. ಎರಡು ತಿಂಗಳ ಕೆಲಸಕ್ಕೆ ಮೇಲಿನವರಿಗೆ ತೋರಿಸಲು ಏನಾದರೊಂದು ಬೇಕಾಗಿತ್ತೇನೋ. ಮೊದಲ ತಪ್ಪು ನನ್ನದೇ, ಇಲ್ಲವೆನ್ನುವುದಿಲ್ಲ. ಆದರೆ ನಾನು ಹೇಳಿದೆ. ಅವರು ಹೇಳಲಿಲ್ಲ.

ನಲವತ್ತು ಮನೆಯನ್ನೂ ಕೆಡವಿದರು. ಆಮೇಲೆ ಯಾರೋ ಬಂದು ಮೂರು ಕಡೆ ತೋಡಿ ನೋಡಿದರಂತೆ, ಬಿಳಿಕಲ್ಲು ಸಿಗಲಿಲ್ಲವಂತೆ. ಎಲ್ಲಿಂದ ಸಿಗಬೇಕು, ಇದ್ದ ಒಂದನ್ನು ಅವರು ಜೇಬಿನಲ್ಲಿ ಒಯ್ದಿದ್ದರಲ್ಲ. ಗುಡ್ಡ ಈಗ ಹಾಳು ಬಿದ್ದಿದೆ. ನಮ್ಮವರು ದಿಕ್ಕಿಗೊಬ್ಬರಾದರು. ನಾನು ಬಾಲಾನಗರದ ಈ ಬಾಡಿಗೆ ಕೋಣೆಗೆ ಬಂದೆ. ಅಕ್ಕಾರ ಎನ್ನುವವರು ಇಲ್ಲಿ ಯಾರೂ ಇಲ್ಲ.

ನಿನ್ನೆ ಕಾರ್ಖಾನೆಯವನು ಬಂದು, ಚೀಲದ ಮೇಲೆ ನಂಬರನ್ನೂ ಬರೆದುಬಿಡು ಎಂದ. ಹೊಲಿದುಕೊಡುತ್ತೇನೆ, ನಂಬರು ನೀನೇ ಬರೆದುಕೋ ಎಂದೆ. ಅವನು ಹೋದ ಮೇಲೆ ಥಾನು ಹಾಸಿ ಕತ್ತರಿಸಲು ಕೂತೆ. ಬಟ್ಟೆ ಸರಿಯದಂತೆ ಈಗ ಒಂದು ಕರಿಕಲ್ಲು ಇಡುತ್ತೇನೆ. ಕೆಡವಿದ ನನ್ನ ಮನೆಯ ಗೋಡೆಯಿಂದ ತಂದದ್ದು, ಆ ಗುಡ್ಡದ್ದೇ ಕಲ್ಲು. ಅರವತ್ಮೂರನೆಯ ಚೀಲದಲ್ಲಿ ಇರಬೇಕಾಗಿದ್ದದ್ದು ಅಂಥದ್ದೇ.