ಯಾರೂ ತುಳಿಯದ ರಂಗೋಲಿ

ಪೆರುಂಗುಡಿಯ ಹೋಟೆಲೊಂದರ ಸಭಾಂಗಣದ ಹೊರಗೆ, ಬಾಗಿಲಿನಿಂದ ಎಡಕ್ಕೆ ಎರಡನೆಯ ಕಂಬದ ಪಕ್ಕ, ಕಾಫಿ ಮೇಜಿಗೆ ನಾಲ್ಕು ಹೆಜ್ಜೆ ಈಚೆ ನಾನು ನಿಂತಿದ್ದೆ. ಬೆಳಿಗ್ಗೆ ಒಂಬತ್ತೂ ಹತ್ತರಿಂದ ಹತ್ತೂವರೆಯವರೆಗೆ ಅಲ್ಲಿಂದ ಕದಲಲಿಲ್ಲ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ನಡೆದದ್ದನ್ನು ಆಮೇಲೆ ಬೇರೆ ಥರ ಹೇಳಿದರು, ಅದೂ ಮೈಕಿನಲ್ಲಿ.

ನಾನು ಜಾಹೀರಾತು ಕಂಪನಿಯಲ್ಲಿ ಬರೆಯುವವನು. ಸೋಪಾಗಲಿ ಸಾರಿನ ಪುಡಿಯಾಗಲಿ, ಎರಡು ಸಾಲು ಹೊಸೆದುಕೊಡುತ್ತೇನೆ. ಅಂದು ನಡೆಯುತ್ತಿದ್ದದ್ದು ತಂತ್ರಜ್ಞಾನ ಮತ್ತು ಸಂವಾದಿ ಮಾಧ್ಯಮದ ಸಮ್ಮೇಳನ. ಸಂವಾದಿ ಎಂದರೆ ಮಾತುಕತೆ ಎಂದುಕೊಂಡಿದ್ದೆ. ಹಾಗಲ್ಲವಂತೆ, ಮುಟ್ಟಿದರೆ ಮಿಣುಕಬೇಕಂತೆ. ನಮ್ಮ ಕಾಣಿಕೆಯಾಗಿ ಬಾಗಿಲ ಮುಂದೆ ಗಾಜಿನ ನೆಲ, ಅದರ ಕೆಳಗೆ ರಂಗೋಲಿ. ತುಳಿದರೆ ಎಸಳಿಗೊಂದು ಬಣ್ಣ ಬೆಳಗುತ್ತದೆ, ಎಷ್ಟು ಹೆಜ್ಜೆ ಬಿತ್ತು ಎಂದು ಗೋಡೆಯ ಫಲಕ ತೋರಿಸುತ್ತದೆ. ‘ಹೆಜ್ಜೆ ಇಡಿ, ಹೂ ಅರಳಿಸಿ’ ಎಂಬ ಸಾಲು ನನ್ನದೇ. ಬರೆದಾಗ ಹೆಮ್ಮೆಯೂ ಇತ್ತು.

ನೆಲವನ್ನು ಮಾಡಿಕೊಟ್ಟವರು ಸೆಲ್ವಂ. ಅಂಬತ್ತೂರಿನಲ್ಲಿ ಕಾರ್ಖಾನೆಗಳಿಗೆ ತೂಕದ ಯಂತ್ರ ಮಾಡುವವರು, ವಯಸ್ಸು ಐವತ್ತು ದಾಟಿದೆ. ಅವರ ಶೆಡ್ಡಿನಲ್ಲಿ ಬರೀ ಗಾಜಿನ ಮೇಲೆ ನಾವೆಲ್ಲ ಕುಣಿದು ಪರೀಕ್ಷಿಸಿದ್ದೆವು. “ಸಾರ್ ಹತ್ತಿದರೆ ಒಂದೇ ಹೆಜ್ಜೆ ಎರಡಾಗಿ ಬೀಳಬಹುದು” ಎಂದು ನನ್ನ ಹೊಟ್ಟೆ ನೋಡಿ ತಮಿಳಿನಲ್ಲಿ ಗೇಲಿ ಮಾಡಿದ್ದರು. ಅಂದು ರಂಗೋಲಿ ಇರಲಿಲ್ಲ. ಅದನ್ನು ಸಮ್ಮೇಳನದ ಬೆಳಿಗ್ಗೆ ಬಿಡಿಸಿದವರು ಆ ಸಭಾಂಗಣ ಗುಡಿಸುವ ಕಸ್ತೂರಿಯಮ್ಮ. ಅಕ್ಕಿ ಹಿಟ್ಟಿನಲ್ಲಿ ಚುಕ್ಕಿಯಿಟ್ಟು, ಒಂದೇ ಎಳೆಯಲ್ಲಿ ಸುತ್ತಿ ಮುಗಿಸಿದರು. ಮೇಲೆ ಗಾಜು ಮುಚ್ಚಿದೆವು. ಅವರು ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲೇ ನಿಂತರು.

ಜನ ಬಂದರು. ಒಬ್ಬರೂ ತುಳಿಯಲಿಲ್ಲ.

ಮನೆಮುಂದಿನ ರಂಗೋಲಿ ಮಧ್ಯಾಹ್ನದೊಳಗೆ ಸ್ಕೂಟರ್ ಚಕ್ರಕ್ಕೆ ಸಿಕ್ಕಿ ಅಳಿಸಿಹೋಗುತ್ತದೆ, ಯಾರೂ ಅಳುವುದಿಲ್ಲ. ಆದರೆ ಈಗಷ್ಟೇ ಬಿಡಿಸಿದ್ದನ್ನು, ಬಿಡಿಸಿದಾಕೆ ನೋಡುತ್ತಿರುವಾಗ, ತುಳಿಯುವ ಕಾಲು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಸೀರೆಯವರು ನೆರಿಗೆ ಎತ್ತಿ ಬದಿಯಲ್ಲಿ ನಡೆದರು. ಲ್ಯಾಪ್‌ಟಾಪಿನವರು ಗೋಡೆಗೆ ಒತ್ತಿಕೊಂಡು ಸಾಗಿದರು. ನಮ್ಮ ಬಾಸ್ ಶೇಷಾದ್ರಿಯವರು, ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದ ವೈಷ್ಣವ ಮನೆತನದವರು, ಫೋನಿನಲ್ಲಿ ಮಾತಾಡುತ್ತಲೇ ಬಂದು, ಅಂಚಿನಲ್ಲಿ ನಿಂತು, ಸುತ್ತಿಕೊಂಡು ಹೋದರು. ಫಲಕದಲ್ಲಿ ಸೊನ್ನೆ.

ಮಧ್ಯಾಹ್ನ ವೇದಿಕೆಯಿಂದ ಅವರೇ ಹೇಳಿದರು: “ಕಲ್ಪನೆ ಅದ್ಭುತವಾಗಿತ್ತು, ಸೆನ್ಸರ್ ಕೈಕೊಟ್ಟಿತು. ಕೆಲಸ ಮಾಡಿದವರದು ತಪ್ಪು.” ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಸೆಲ್ವಂ ನಗಲಿಲ್ಲ. ಎದ್ದು ಹೊರಗೆ ನಡೆದರು. ನಾನೂ ಹಿಂದೆ ಹೋದೆ.

ಅವರು ಗಾಜಿನ ಅಂಚಿನಲ್ಲಿ ಚಪ್ಪಲಿ ಬಿಟ್ಟರು. ಇನ್ನೂ ಅಲ್ಲೇ ಇದ್ದ ಕಸ್ತೂರಿಯಮ್ಮನನ್ನು ನೋಡಿದರು.

“ಪರವಾಯಿಲ್ಲೆ ಅಣ್ಣೇ, ವೈಯುಂಗ,” ಎಂದರು ಆಕೆ. ಪರವಾಗಿಲ್ಲ, ಕಾಲಿಡಿ.

ಸೆಲ್ವಂ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಗಾಲಿಟ್ಟರು. ಒಂದು ಎಸಳು ಕೆಂಪಗೆ ಬೆಳಗಿತು. ಫಲಕದಲ್ಲಿ ಒಂದು. ಅವರು ಕಾಲು ತೆಗೆದು ಚಪ್ಪಲಿ ಮೆಟ್ಟಿ ಮನೆಗೆ ಹೋದರು. ಒಳಗೆ ಚಪ್ಪಾಳೆ ಕೇಳಿಸಿತು, ಬೇರೆ ಯಾರಿಗೋ.

ಸೋಮವಾರ ಆಫೀಸಿನಲ್ಲಿ ಶೇಷಾದ್ರಿಯವರು ತಮಿಳು ಬೆರೆತ ತಮ್ಮ ಮನೆಗನ್ನಡದಲ್ಲಿ, “ಆ ಅಂಬತ್ತೂರ್ ಆಳನ್ನ ಇನ್ಮೇಲೆ ಕೂಪ್ಪಿಡ್ಬೇಡಪ್ಪಾ, ನೀನೇ ನೋಡಿದ್ಯಲ್ಲ, ಸೊನ್ನೆ” ಎಂದರು. ಕೂಪ್ಪಿಡುವುದೆಂದರೆ ಕರೆಯುವುದು.

“ಸೊನ್ನೆ ಅಲ್ಲ ಸಾರ್, ಒಂದು,” ಎಂದೆ.

“ಒಂದೇನಾ?”

“ನೀವು ಸುತ್ತಿಕೊಂಡು ಹೋಗದಿದ್ದರೆ ಎರಡಾಗ್ತಿತ್ತು.”

ಅವರು ಎದ್ದು ಬಾಗಿಲು ಮುಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಹೊಸಾ ಕೋಲ ಅಲ್ವೇನೋ, ಹೆಂಗೋ ತುಳಿಯೋದು?” ಎಂದರು. ಕೋಲವೆಂದರೆ ರಂಗೋಲಿ. ಮೈಕಿನಲ್ಲಿ ಮಾತ್ರ ಇದನ್ನು ಇನ್ನೂ ಹೇಳಿಲ್ಲ.

ಅದಕ್ಕೇ ಬರೆದಿಟ್ಟಿದ್ದೇನೆ. ಆ ಎಸಳು ಬೆಳಗಿದ್ದನ್ನು ನೋಡಿದವರು ನಾನಲ್ಲದೆ ಇಬ್ಬರು: ಅಂಬತ್ತೂರಿನ ಸೆಲ್ವಂ, ಸಭಾಂಗಣದ ಕಸ್ತೂರಿಯಮ್ಮ. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಕೇಳಲು ಹೋಗುವವರು ಚಪ್ಪಲಿ ಹೊರಗೆ ಬಿಡಿ.